ಬೆಚ್ಚನೆಯ ಆಲೂಗೆಡ್ಡೆ ಸಲಾಡ್ ಮತ್ತು ತಳಿಯ ಹೆಸರು

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಪರಿಸರದ ಸಭೆಗಳಲ್ಲಿ ಕಾಡು, ಹೊಳೆ, ಗಣಿ, ಅಣೆಕಟ್ಟುಗಳ ಮಾತು ನಡೆಯುವುದು ವಾಡಿಕೆ. ಒಲೆಯ ಮೇಲಿನ ಪಾತ್ರೆಯ ಮಾತು ಅಲ್ಲಿ ಬರುವುದು ಅಪರೂಪ. ಆದರೆ ಹೊಲ ಹಿತ್ತಿಲುಗಳಲ್ಲಿರುವ ಬೆಳೆವೈವಿಧ್ಯದ ಅಳಿವು ಉಳಿವು ಬಹುಮಟ್ಟಿಗೆ ನಿರ್ಧಾರವಾಗುವುದು ಅಡುಗೆಮನೆಯಲ್ಲಿ. ಯಾವ ಗೆಡ್ಡೆಯನ್ನು ಯಾವ ಅಡುಗೆಗೆ ಬಳಸಬೇಕೆಂದು ತಿಳಿದವರು ಇರುವವರೆಗೆ ಆ ಗೆಡ್ಡೆಯನ್ನು ನೆಡುವವರು ಇರುತ್ತಾರೆ. ಆ ತಿಳಿವಳಿಕೆ ಅಳಿದ ಮೇಲೆ ಗೆಡ್ಡೆಯೂ ಹೆಚ್ಚು ಕಾಲ ಉಳಿಯುವುದಿಲ್ಲ. ಇದನ್ನು ಸರಳವಾದ ಒಂದು ಅಡುಗೆಯ ಮೂಲಕ ವಿವರಿಸುವುದು ಈ ಉಪನ್ಯಾಸದ ಉದ್ದೇಶ. ಆ ಅಡುಗೆ ದಕ್ಷಿಣ ಜರ್ಮನಿಯ ಬೆಚ್ಚನೆಯ ಆಲೂಗೆಡ್ಡೆ ಸಲಾಡ್.

ಅಡುಗೆಯ ಪರಿಚಯ

ಸಲಾಡ್ ಎಂದೊಡನೆ ಇಲ್ಲಿನವರಿಗೆ ಹಸಿ ತರಕಾರಿಯ ನೆನಪಾಗುತ್ತದೆ. ಕೋಸಂಬರಿ ಅದರ ಹತ್ತಿರದ ಸಂಬಂಧಿ. ಆದರೆ ಜರ್ಮನಿಯ ನೈರುತ್ಯ ಭಾಗದಲ್ಲಿ, ಸ್ಟುಟ್‌ಗಾರ್ಟ್ ನಗರದ ಸುತ್ತಲಿರುವ ಶ್ವಾಬೆನ್ ಪ್ರಾಂತದಲ್ಲಿ, ಬೇಯಿಸಿದ ಆಲೂಗೆಡ್ಡೆಯನ್ನು ಬಿಸಿ ಇರುವಾಗಲೇ ಬಿಲ್ಲೆಗಳಾಗಿ ಕೊಯ್ದು, ಬಿಸಿ ಕಟ್ಟು, ವಿನೆಗರ್, ಈರುಳ್ಳಿ, ಸಾಸಿವೆ ಮತ್ತು ಎಣ್ಣೆಯೊಡನೆ ಕಲಸಿ ಉಗುರುಬೆಚ್ಚಗೆ ತಿನ್ನುತ್ತಾರೆ. ನೆರೆಯ ಬವೇರಿಯದಲ್ಲಿಯೂ ಇದೇ ಪದ್ಧತಿ. ಉತ್ತರ ಜರ್ಮನಿಯವರು ಮೊಟ್ಟೆ ಎಣ್ಣೆಗಳ ಮೇಯನೇಸ್ ಬೆರೆಸಿ ತಣ್ಣಗೆ ತಿನ್ನುವುದೇ ಹೆಚ್ಚು. ಎರಡು ಪ್ರಾಂತಗಳವರೂ ತಮ್ಮದೇ ನಿಜವಾದ ಸಲಾಡ್ ಎಂದು ವಾದಿಸುತ್ತಾರೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಆ ದೇಶದ ಬಹಳಷ್ಟು ಮನೆಗಳಲ್ಲಿ ಆಲೂಗೆಡ್ಡೆ ಸಲಾಡೇ ಮುಖ್ಯ ಊಟ. ಹಬ್ಬದ ದಿನವೂ ಇಂಥ ಸಾದಾ ಅಡುಗೆ ಮಾಡುವ ಜನ ಗೆಡ್ಡೆಯ ಆಯ್ಕೆಯಲ್ಲಿ ಮಾತ್ರ ಬಹಳ ಕಟ್ಟುನಿಟ್ಟು.

ಅಲ್ಲಿನ ಅಂಗಡಿಗಳಲ್ಲಿ ಆಲೂಗೆಡ್ಡೆಯ ಚೀಲದ ಮೇಲೆ ತಳಿಯ ಹೆಸರಿನ ಜೊತೆಗೆ ಅದು ಬೇಯುವ ಬಗೆಯನ್ನೂ ಮುದ್ರಿಸಿರುತ್ತಾರೆ. ಬೆಂದರೂ ಆಕಾರ ಕೆಡದ ಗಟ್ಟಿ ಗೆಡ್ಡೆ ಒಂದು ಬಗೆ. ಬಹುಮಟ್ಟಿಗೆ ಗಟ್ಟಿಯಾಗಿ ಉಳಿಯುವುದು ಎರಡನೆಯದು. ಬೆಂದೊಡನೆ ಹಿಟ್ಟಿನಂತೆ ಒಡೆಯುವುದು ಮೂರನೆಯದು. ಸಲಾಡ್‌ಗೆ ಮೊದಲನೆಯ ಬಗೆಯೇ ಆಗಬೇಕು. ಮೂರನೆಯದನ್ನು ಹಾಕಿದರೆ ಅದು ಗೊಜ್ಜಾಗುತ್ತದೆ.

ಗಟ್ಟಿ ಗೆಡ್ಡೆ, ಹಿಟ್ಟುಗೆಡ್ಡೆ

ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಗೆಡ್ಡೆಯೊಳಗಿನ ಪಿಷ್ಟದ ಪ್ರಮಾಣ. ಹಿಟ್ಟುಗೆಡ್ಡೆಯ ಜೀವಕೋಶಗಳಲ್ಲಿ ಪಿಷ್ಟ ಹೆಚ್ಚು. ಬೆಂದಾಗ ಆ ಕೋಶಗಳು ಉಬ್ಬಿ ಒಂದರಿಂದೊಂದು ಬೇರ್ಪಡುತ್ತವೆ. ಬೋಂಡ, ಪರಾಟ ಮತ್ತು ದೋಸೆಯ ಪಲ್ಯಕ್ಕೆ ಅದು ಹಿತ. ಗಟ್ಟಿ ಗೆಡ್ಡೆಯಲ್ಲಿ ಪಿಷ್ಟ ಕಡಿಮೆ, ನೀರಿನಂಶ ಹೆಚ್ಚು. ಕೋಶಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಸಾಂಬಾರಿನ ಹೋಳು ಕದಡಬಾರದು ಎನ್ನುವವರಿಗೂ ಬೇಕಾದದ್ದು ಇದೇ. ಪೂರ್ತಿ ಬಲಿಯದ ಹೊಸ ಗೆಡ್ಡೆಯಲ್ಲಿ ಪಿಷ್ಟ ಇನ್ನೂ ಕಡಿಮೆ ಇರುವುದರಿಂದ ತಳಿ ಯಾವುದಾದರೂ ಅದು ಸ್ವಲ್ಪ ಗಟ್ಟಿಯಾಗಿಯೇ ಬೇಯುತ್ತದೆ.

ತಳಿಯ ಹೆಸರು ತಿಳಿಯದಿದ್ದಾಗ ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದಿದೆ. ಹನ್ನೊಂದು ಬಟ್ಟಲು ನೀರಿಗೆ ಒಂದು ಬಟ್ಟಲು ಪುಡಿ ಉಪ್ಪು ಹಾಕಿ ಕರಗಿಸಬೇಕು. ಅದರಲ್ಲಿ ತೊಳೆದ ಗೆಡ್ಡೆಗಳನ್ನು ಬಿಡಬೇಕು. ಪಿಷ್ಟ ಹೆಚ್ಚಿರುವ ಹಿಟ್ಟುಗೆಡ್ಡೆ ಭಾರವಾದ್ದರಿಂದ ಮುಳುಗುತ್ತದೆ, ಗಟ್ಟಿ ಗೆಡ್ಡೆ ತೇಲುತ್ತದೆ. ಬಿತ್ತನೆ ಭತ್ತದ ಜೊಳ್ಳನ್ನು ಉಪ್ಪುನೀರಿನಲ್ಲಿ ತೇಲಿಸಿ ಬೇರ್ಪಡಿಸುವ ರೈತರಿಗೆ ಈ ತತ್ವ ಹೊಸದಲ್ಲ. ಶಾಲೆಯ ವಿಜ್ಞಾನದ ತರಗತಿಯಲ್ಲಿ ಸಾಂದ್ರತೆಯ ಪಾಠಕ್ಕೂ ಇದು ಒಳ್ಳೆಯ ಪ್ರಯೋಗ. ತೇಲಿದ ಮತ್ತು ಮುಳುಗಿದ ಗೆಡ್ಡೆಗಳನ್ನು ಬೇರೆ ಬೇರೆ ಬೇಯಿಸಿ ಕೊಯ್ದು ನೋಡಿದರೆ ಪಾಠ ಪೂರ್ಣವಾಗುತ್ತದೆ.

ಮಾಡುವ ಕ್ರಮ

ನಾಲ್ಕೈದು ಮಂದಿಗೆ ಒಂದು ಕಿಲೋ ಗೆಡ್ಡೆ ಸಾಕು. ಒಂದೇ ಗಾತ್ರದವನ್ನು ಆರಿಸಿಕೊಂಡರೆ ಎಲ್ಲವೂ ಒಟ್ಟಿಗೆ ಬೇಯುತ್ತವೆ. ಸಿಪ್ಪೆ ತೆಗೆಯದೆ ತಣ್ಣೀರಿನಲ್ಲಿ ಹಾಕಿ, ಉಪ್ಪು ಬೆರೆಸಿ ಒಲೆಯ ಮೇಲಿಡಬೇಕು. ಕುದಿಯುವ ನೀರಿಗೆ ಹಾಕಿದರೆ ಒಳಗು ಬೇಯುವಷ್ಟರಲ್ಲಿ ಹೊರಗು ಒಡೆಯುತ್ತದೆ. ನಿಧಾನವಾಗಿ ಬಿಸಿಯೇರುವಾಗ, ಸುಮಾರು 55ರಿಂದ 65 ಡಿಗ್ರಿ ಸೆಲ್ಸಿಯಸ್‌ನ ನಡುವೆ, ಗೆಡ್ಡೆಯೊಳಗಿನ ಒಂದು ಕಿಣ್ವ ಕೋಶಗಳನ್ನು ಬೆಸೆದಿರುವ ಪೆಕ್ಟಿನ್ ಅನ್ನು ಗಟ್ಟಿಗೊಳಿಸುತ್ತದೆ. ಮುಂದೆ ಕುದಿಯುವಾಗ ಗೆಡ್ಡೆ ಆಕಾರ ಉಳಿಸಿಕೊಳ್ಳುವುದಕ್ಕೆ ಇದು ಸಹಾಯಕ. ಕುದಿ ಬಂದ ಮೇಲೆ ಉರಿ ತಗ್ಗಿಸಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಬೇಯಿಸಿದರೆ ಮಧ್ಯಮ ಗಾತ್ರದ ಗೆಡ್ಡೆ ಹದಕ್ಕೆ ಬರುತ್ತದೆ. ಚಾಕುವಿನ ತುದಿ ಸಲೀಸಾಗಿ ಇಳಿಯಬೇಕು, ಗೆಡ್ಡೆ ಬಿರಿಯಬಾರದು. ಕುಕ್ಕರಿನಲ್ಲಿ ಈ ಹದ ಹಿಡಿಯುವುದು ಕಷ್ಟ.

ಬೇಯುವ ನೀರಿಗೆ ಹುಳಿ ಹಾಕಬಾರದು. ಹುಳಿಯಿದ್ದರೆ ಪೆಕ್ಟಿನ್ ಕರಗುವುದಿಲ್ಲ. ಎಷ್ಟು ಹೊತ್ತು ಕುದಿಸಿದರೂ ಗೆಡ್ಡೆಯ ಮೈ ಗಡುಸಾಗಿಯೇ ಉಳಿಯುತ್ತದೆ. ಬೇಳೆ ಬೇಯುವ ಮೊದಲು ಹುಣಸೆಹಣ್ಣು ಹಾಕಬಾರದೆಂದು ಹಿರಿಯರು ಹೇಳುವುದರ ಹಿಂದೆಯೂ ಇದೇ ಕಾರಣವಿದೆ.

ಗೆಡ್ಡೆ ಬೇಯುತ್ತಿರುವಾಗಲೇ ಕಟ್ಟು ಸಿದ್ಧವಾಗಬೇಕು. ಜರ್ಮನರಲ್ಲಿ ದನದ ಮಾಂಸದ ಕಟ್ಟು ಬಳಸುವವರಿದ್ದಾರೆ, ತರಕಾರಿಯ ಕಟ್ಟು ಬಳಸುವವರೂ ಇದ್ದಾರೆ. ಕ್ಯಾರೆಟ್, ಹುರುಳಿಕಾಯಿ, ಈರುಳ್ಳಿ, ಕೊತ್ತಂಬರಿಯ ದಂಟು, ನಾಲ್ಕು ಕಾಳುಮೆಣಸು ಇವನ್ನು ಅರ್ಧ ತಾಸು ಕುದಿಸಿ ಬಸಿದರೆ ಒಳ್ಳೆಯ ಕಟ್ಟಾಗುತ್ತದೆ. ಒಂದು ಕಿಲೋ ಗೆಡ್ಡೆಗೆ ಸುಮಾರು ಕಾಲು ಲೀಟರ್ ಕಟ್ಟು ಬೇಕು. ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ಮೂರು ದೊಡ್ಡ ಚಮಚ ವಿನೆಗರ್, ಒಂದು ಸಣ್ಣ ಚಮಚ ಅರೆದ ಸಾಸಿವೆ, ರುಚಿಗೆ ಉಪ್ಪು, ಮೆಣಸಿನ ಪುಡಿಯ ಬದಲು ಕಾಳುಮೆಣಸಿನ ಪುಡಿ, ಚಿಟಿಕೆ ಸಕ್ಕರೆ ಇವನ್ನು ಕುದಿಯುವ ಕಟ್ಟಿಗೆ ಬೆರೆಸಬೇಕು. ಬಿಸಿ ಕಟ್ಟಿನಲ್ಲಿ ಈರುಳ್ಳಿಯ ಖಾರ ಇಳಿಯುತ್ತದೆ.

ಬೆಂದ ಗೆಡ್ಡೆಯನ್ನು ಬಸಿದು, ಕೈ ತಾಳುವಷ್ಟು ಬಿಸಿಯಲ್ಲಿಯೇ ಸಿಪ್ಪೆ ಸುಲಿದು, ತೆಳು ಬಿಲ್ಲೆಗಳಾಗಿ ಕೊಯ್ದು ಅಗಲವಾದ ಪಾತ್ರೆಗೆ ಹಾಕಬೇಕು. ಆಮೇಲೆ ಬಿಸಿ ಕಟ್ಟನ್ನು ಮೂರು ಸಲವಾಗಿ ಸುರಿಯುತ್ತ ಮೆಲ್ಲನೆ ಕಲಸಬೇಕು. ಈ ಅಡುಗೆಯ ಮರ್ಮ ಈ ಹಂತದಲ್ಲಿದೆ. ಬಿಸಿ ಗೆಡ್ಡೆಯ ಪಿಷ್ಟ ಇನ್ನೂ ಸಡಿಲವಾಗಿದ್ದು ಉಪ್ಪು ಹುಳಿಗಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆರಿದ ಗೆಡ್ಡೆಯಲ್ಲಿ ಪಿಷ್ಟ ಮತ್ತೆ ಬಿಗಿದುಕೊಳ್ಳುವುದರಿಂದ ರಸ ಮೇಲೆಯೇ ನಿಲ್ಲುತ್ತದೆ. ಮೊದಲಿಗೆ ಕಟ್ಟು ಹೆಚ್ಚಾಯಿತೆಂದು ತೋರಿದರೂ ಹದಿನೈದು ಇಪ್ಪತ್ತು ನಿಮಿಷದಲ್ಲಿ ಗೆಡ್ಡೆ ಅದನ್ನೆಲ್ಲ ಹೀರಿಕೊಳ್ಳುತ್ತದೆ. ಕಲಸುವಾಗ ಪಚಪಚ ಸದ್ದು ಬರಬೇಕು, ಆಗಲೇ ಹದ ಸರಿ ಎಂಬುದು ಶ್ವಾಬೆನ್ ಜನರ ನಂಬಿಕೆ. ನಾಲ್ಕು ಚಮಚ ಎಣ್ಣೆಯನ್ನು ಕೊನೆಗೆ ಹಾಕಬೇಕು. ಮೊದಲೇ ಹಾಕಿದರೆ ಎಣ್ಣೆಯ ಪದರ ಗೆಡ್ಡೆಯನ್ನು ಮುಚ್ಚಿ ಕಟ್ಟು ಒಳಗಿಳಿಯದಂತೆ ತಡೆಯುತ್ತದೆ. ಮೇಲೆ ಹಸಿರು ಈರುಳ್ಳಿಯ ಎಲೆ ಉದುರಿಸಿ ಬೆಚ್ಚಗೆ ಬಡಿಸಬೇಕು. ಸೆಕೆಗಾಲದಲ್ಲಿ ಇದನ್ನು ಹೊರಗೆ ಎರಡು ತಾಸಿಗಿಂತ ಹೆಚ್ಚು ಇಡುವುದು ಸರಿಯಲ್ಲ.

ಮಲೆನಾಡಿನ ಮನೆಗಳಿಗೆ ವಿನೆಗರ್ ಅನಿವಾರ್ಯವಲ್ಲ. ಲಿಂಬೆ ಅಥವಾ ಹೇರಳೆಕಾಯಿಯ ರಸ ಸಾಕು. ಲಿಂಬೆಯ ರಸವನ್ನು ಮಾತ್ರ ಕಟ್ಟು ಒಲೆಯಿಂದಿಳಿದ ಮೇಲೆ ಹಿಂಡಬೇಕು. ಕೊಡಗಿನವರು ಉಪ್ಪಾಗೆಯ ಹಣ್ಣಿನ ರಸವನ್ನು ಬತ್ತಿಸಿ ಮಾಡುವ ಕಾಚಂಪುಳಿ ವಿನೆಗರಿನ ಸ್ಥಾನಕ್ಕೆ ಚೆನ್ನಾಗಿ ಒಪ್ಪುತ್ತದೆ. ಅದು ಬಹಳ ತೀಕ್ಷ್ಣವಾದ್ದರಿಂದ ಕೆಲವೇ ಹನಿ ಸಾಕು, ಬಣ್ಣ ಕಪ್ಪಾಗುವುದೆಂದು ಹಿಂಜರಿಯಬೇಕಿಲ್ಲ. ಬೇಯಿಸಿದ ತರಕಾರಿಗೆ ಅರೆದ ಸಾಸಿವೆ ಮತ್ತು ಹುಳಿಯ ಜೋಡಿ ಮಲೆನಾಡಿಗೆ ಅಪರಿಚಿತವೂ ಅಲ್ಲ. ತೆಂಗಿನಕಾಯಿ ಸಾಸಿವೆ ಅರೆದು ಮೊಸರು ಬೆರೆಸುವ ‘ಸಾಸಿವೆ’ ಎಂಬ ಅಡುಗೆ ಇಲ್ಲಿ ಮನೆಮಾತು.

ಆರೋಗ್ಯದ ಕೆಲವು ಮಾತು

ಬೆಳಕಿಗೆ ಬಿದ್ದು ಹಸಿರಾದ ಅಥವಾ ಬಹಳವಾಗಿ ಮೊಳೆತ ಆಲೂಗೆಡ್ಡೆಯಲ್ಲಿ ಸೊಲನಿನ್ ಮೊದಲಾದ ವಿಷಾಂಶಗಳು ಹೆಚ್ಚಿರುತ್ತವೆ. ಅವು ಬೇಯಿಸಿದರೂ ನಾಶವಾಗುವುದಿಲ್ಲ. ಆದುದರಿಂದ ಗೆಡ್ಡೆಯನ್ನು ಕತ್ತಲಲ್ಲಿ, ಗಾಳಿಯಾಡುವ ತಂಪು ಜಾಗದಲ್ಲಿ ಇಡಬೇಕು. ಫ್ರಿಜ್ಜಿನ ಚಳಿಯಲ್ಲಿ ಪಿಷ್ಟ ಸಕ್ಕರೆಯಾಗಿ ಬದಲಾಗಿ ಗೆಡ್ಡೆ ಸಿಹಿಯಾಗುತ್ತದೆ. ಪಿಷ್ಟವುಳ್ಳ ಪದಾರ್ಥಗಳನ್ನು ಹೆಚ್ಚಿನ ಶಾಖದಲ್ಲಿ ಕರಿದಾಗ ಅಕ್ರಿಲಮೈಡ್ ಎಂಬ ಹಾನಿಕರ ವಸ್ತು ಉಂಟಾಗುತ್ತದೆಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದರು. ನೀರಿನಲ್ಲಿ ಬೇಯಿಸಿದ ಗೆಡ್ಡೆಯಲ್ಲಿ ಅದು ಉಂಟಾಗುವುದಿಲ್ಲ. ಬೆಂದ ಗೆಡ್ಡೆ ಆರುವಾಗ ಪಿಷ್ಟದ ಒಂದು ಪಾಲು ಸುಲಭವಾಗಿ ಜೀರ್ಣವಾಗದ ರೂಪಕ್ಕೆ ತಿರುಗುವುದರಿಂದ ರಕ್ತದ ಸಕ್ಕರೆ ಸ್ವಲ್ಪ ನಿಧಾನವಾಗಿ ಏರುತ್ತದೆ. ಆದರೂ ಮಧುಮೇಹಿಗಳು ಇದನ್ನು ಅನ್ನದ ಜೊತೆ ಪಲ್ಯದಂತೆ ತಿನ್ನುವ ಬದಲು ಅನ್ನದ ಬದಲಿಗೆ ಲೆಕ್ಕ ಹಿಡಿಯುವುದು ಒಳಿತು.

ಲಿಂಡಾ ಎಂಬ ತಳಿಯ ಕಥೆ

ಈ ಸಲಾಡ್‌ಗೆ ಜರ್ಮನರು ಮೆಚ್ಚಿದ ಗಟ್ಟಿ ತಳಿಗಳಲ್ಲಿ ಲಿಂಡಾ ಒಂದು. ಹಳದಿ ತಿರುಳಿನ ಈ ಗೆಡ್ಡೆ 1974ರಲ್ಲಿ ಆ ದೇಶದ ಅಧಿಕೃತ ತಳಿ ಪಟ್ಟಿಗೆ ಸೇರಿತು. ತಳಿಯ ಮೇಲೆ ಕಂಪನಿಗಿದ್ದ ಹಕ್ಕು ಮೂವತ್ತು ವರ್ಷಗಳದು. ಆ ಅವಧಿ ಮುಗಿದ ಮೇಲೆ ಯಾವ ರೈತನಾದರೂ ಶುಲ್ಕ ಕೊಡದೆ ಲಿಂಡಾದ ಬಿತ್ತನೆ ಗೆಡ್ಡೆ ಬೆಳೆದು ಮಾರಬಹುದಿತ್ತು. ಆದರೆ 2004ರ ಕೊನೆಯಲ್ಲಿ, ಹಕ್ಕು ಮುಗಿಯುವ ಹೊತ್ತಿಗೆ, ಕಂಪನಿಯು ತಳಿಯನ್ನು ಅಧಿಕೃತ ಪಟ್ಟಿಯಿಂದಲೇ ಹಿಂತೆಗೆದುಕೊಂಡಿತು. ಪಟ್ಟಿಯಲ್ಲಿ ಇಲ್ಲದ ತಳಿಯ ಬಿತ್ತನೆಯನ್ನು ಅಲ್ಲಿ ಮಾರುವಂತಿಲ್ಲ. ಹಳೆಯ ತಳಿ ಹೋದರೆ ಹಕ್ಕುಶುಲ್ಕ ಬರುವ ಹೊಸ ತಳಿಗಳಿಗೆ ಜಾಗವಾಗುತ್ತದೆ ಎಂಬುದು ಇದರ ಹಿಂದಿನ ಲೆಕ್ಕ ಎಂದು ರೈತರು ಆಪಾದಿಸಿದರು.

ಇಂಥ ಸುದ್ದಿ ಕೃಷಿ ಪತ್ರಿಕೆಯ ಒಂದು ಮೂಲೆಯಲ್ಲಿ ಮುಗಿದುಹೋಗುವುದೇ ಹೆಚ್ಚು. ಲಿಂಡಾದ ವಿಷಯದಲ್ಲಿ ಹಾಗಾಗಲಿಲ್ಲ. ಲೋಯರ್ ಸ್ಯಾಕ್ಸನಿಯ ಸಾವಯವ ರೈತ ಕಾರ್ಸ್ಟೆನ್ ಎಲೆನ್‌ಬೆರ್ಗ್ ತಳಿಯ ಉಳಿವಿಗಾಗಿ ಮುಂದೆ ಬಂದರು. ಅವರ ಜೊತೆ ನಿಂತವರಲ್ಲಿ ರೈತರಷ್ಟೇ ಅಲ್ಲದೆ ಗೃಹಿಣಿಯರು, ಅಡುಗೆಯವರು, ಅಂಗಡಿಗೆ ಹೋಗಿ ಲಿಂಡಾವನ್ನು ಹೆಸರು ಹೇಳಿ ಕೇಳುತ್ತಿದ್ದ ಸಾಮಾನ್ಯ ಗ್ರಾಹಕರೂ ಇದ್ದರು. 2007ರಲ್ಲಿ ಅಲ್ಲಿನ ತಳಿಪ್ರೇಮಿಗಳು ಲಿಂಡಾವನ್ನು ‘ವರ್ಷದ ಆಲೂಗೆಡ್ಡೆ’ ಎಂದು ಆರಿಸಿ ಗೌರವಿಸಿದರು. ಹಲವು ವರ್ಷಗಳ ಅರ್ಜಿ, ವ್ಯಾಜ್ಯ, ಕ್ಷೇತ್ರ ಪ್ರಯೋಗಗಳ ನಂತರ 2010ರಲ್ಲಿ ಲಿಂಡಾ ಮತ್ತೆ ಅಧಿಕೃತ ಪಟ್ಟಿಗೆ ಬಂದಿತು.

ಬಾಂಬೆರ್ಗ್ ಸೀಮೆಯ ‘ಹೋರ್ನ್ಲಾ’ ಎಂಬ ಇನ್ನೊಂದು ತಳಿಯೂ ಹೀಗೆಯೇ ಉಳಿಯಿತು. ಪುಟ್ಟ ಕೊಂಬಿನಂತೆ ಬಾಗಿದ, ಇಳುವರಿ ಕಡಿಮೆಯಾದ, ಯಂತ್ರದಿಂದ ಕೀಳಲು ಒಗ್ಗದ ಗೆಡ್ಡೆ ಅದು. ಲಾಭದ ಲೆಕ್ಕದಲ್ಲಿ ಅದು ಎಂದೋ ಕಣ್ಮರೆಯಾಗಬೇಕಿತ್ತು. ಸಲಾಡ್‌ಗೆ ಅದಕ್ಕಿಂತ ರುಚಿಯಾದದ್ದಿಲ್ಲವೆಂದು ನಂಬಿದ ಜನ ಅದನ್ನು ಬಿಡಲಿಲ್ಲ. 2013ರಲ್ಲಿ ಐರೋಪ್ಯ ಒಕ್ಕೂಟ ಅದಕ್ಕೆ ಭೌಗೋಳಿಕ ಗುರುತಿನ ರಕ್ಷಣೆ ನೀಡಿತು.

ಈ ಎರಡು ತಳಿಗಳನ್ನು ಉಳಿಸಿದ್ದು ಸಂಶೋಧನಾಲಯದ ಶೀತಲ ಕೋಣೆಯೊಂದೇ ಅಲ್ಲ. ಒಂದು ಬೋಗುಣಿ ಸಲಾಡ್‌ಗೆ ಯಾವ ಗೆಡ್ಡೆ ಬೇಕೆಂದು ತಿಳಿದಿದ್ದ ಸಾವಿರಾರು ಅಡುಗೆಮನೆಗಳು ಆ ಕೆಲಸದಲ್ಲಿ ಪಾಲುಗೊಂಡಿದ್ದವು.

ಹೆಸರು ಕೇಳದ ಪೇಟೆ

ಇಲ್ಲಿನ ಪೇಟೆಯ ಸ್ಥಿತಿ ಬೇರೆ. ಅಂಗಡಿಯವರು ಹಾಸನದ್ದು, ಆಗ್ರಾದ್ದು, ಇಂದೋರಿನದ್ದು ಎಂದು ಊರಿನ ಹೆಸರು ಹೇಳುತ್ತಾರೆ. ದಪ್ಪ, ಸಣ್ಣ ಎಂದು ಗಾತ್ರ ಹೇಳುತ್ತಾರೆ. ತಳಿಯ ಹೆಸರನ್ನು ಮಾರುವವರೂ ಹೇಳುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ. ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ ‘ಕುಫ್ರಿ’ ಎಂಬ ಮೊದಲ ಹೆಸರಿನ ಹತ್ತಾರು ತಳಿಗಳನ್ನು ದೇಶಕ್ಕೆ ನೀಡಿದೆ. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿಯನ್ನು ಹಾಸನದ ರೈತರು ದಶಕಗಳಿಂದ ಬೆಳೆದಿದ್ದಾರೆ. ಅದನ್ನು ತಿಂದವರಲ್ಲಿ ಆ ಹೆಸರು ಬಲ್ಲವರು ಎಷ್ಟು ಮಂದಿ?

ತಳಿಯನ್ನು ಹೆಸರಿಟ್ಟು ಕೇಳುವ ಒಂದು ಅಡುಗೆಮನೆ ಈ ದೇಶದಲ್ಲಿಯೂ ಇದೆ. ಅದು ಚಿಪ್ಸ್ ಕಾರ್ಖಾನೆ. ಕರಿಯುವುದಕ್ಕೆ ನೀರಿನಂಶ ಕಡಿಮೆಯಿರುವ, ಸಕ್ಕರೆ ಕಡಿಮೆಯಿರುವ ಗೆಡ್ಡೆಯೇ ಬೇಕೆಂದು ಅದಕ್ಕೆ ಚೆನ್ನಾಗಿ ಗೊತ್ತು. ಅಂಥ ಒಂದು ತಳಿಯನ್ನು ಅನುಮತಿಯಿಲ್ಲದೆ ಬೆಳೆದರೆಂದು ಪೆಪ್ಸಿಕೋ ಕಂಪನಿ 2019ರಲ್ಲಿ ಗುಜರಾತಿನ ರೈತರ ಮೇಲೆ ದಾವೆ ಹೂಡಿತು. ದೇಶದೆಲ್ಲೆಡೆ ವಿರೋಧ ಬಂದ ಮೇಲೆ ಅದೇ ವರ್ಷ ಮೇ ತಿಂಗಳಲ್ಲಿ ಹಿಂತೆಗೆದುಕೊಂಡಿತು. 2021ರ ಡಿಸೆಂಬರಿನಲ್ಲಿ ಸಸ್ಯ ತಳಿ ಸಂರಕ್ಷಣಾ ಪ್ರಾಧಿಕಾರ ಆ ತಳಿಯ ನೋಂದಣಿಯನ್ನು ರದ್ದುಗೊಳಿಸಿತು. 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಆ ರದ್ದತಿಯನ್ನು ತಳ್ಳಿಹಾಕಿತು. ನೋಂದಣಿಯ ವ್ಯಾಜ್ಯ ಏನೇ ಆಗಲಿ, 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ 39ನೆಯ ಕಲಮು ರೈತನಿಗೆ ಸ್ಪಷ್ಟವಾದ ಹಕ್ಕು ನೀಡಿದೆ. ತನ್ನ ಬೆಳೆಯಿಂದ ಬಿತ್ತನೆ ಉಳಿಸಿಕೊಳ್ಳಲು, ಮತ್ತೆ ಬಿತ್ತಲು, ಹಂಚಲು, ವಿನಿಮಯ ಮಾಡಲು, ಮಾರಲು ಆತನಿಗೆ ಅವಕಾಶವಿದೆ. ಬ್ರಾಂಡಿನ ಹೆಸರು ಹಾಕಿ ಬಿತ್ತನೆಯಾಗಿ ಮಾರುವಂತಿಲ್ಲ, ಅಷ್ಟೆ. ವಿದ್ಯಾರ್ಥಿಗಳು ಈ ಕಲಮನ್ನು ಓದಿಕೊಂಡಿರಬೇಕು.

ಕಾರ್ಖಾನೆ ತನಗೆ ಬೇಕಾದ ಗೆಡ್ಡೆಯನ್ನು ಹೆಸರಿಟ್ಟು ಕೇಳುತ್ತದೆ. ಮನೆಗಳು ಕೇಳುವುದನ್ನು ಬಿಟ್ಟಿವೆ. ಹಾಗಿರುವಾಗ ಹೊಲದಲ್ಲಿ ಯಾರ ಬೇಡಿಕೆಯ ತಳಿ ಹಬ್ಬುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಒಂದೇ ತಳಿಯ ಹೊಲ

ತಳಿಗಳು ಕಡಿಮೆಯಾಗುವುದು ರುಚಿಗೆ ಮಾತ್ರ ಸಂಬಂಧಿಸಿದ ನಷ್ಟವಲ್ಲ. ಆಲೂಗೆಡ್ಡೆಯ ತವರಾದ ಆಂಡೀಸ್ ಪರ್ವತಗಳಲ್ಲಿ ಜನರು ಇಂದಿಗೂ ನಾಲ್ಕು ಸಾವಿರಕ್ಕೂ ಹೆಚ್ಚು ನಾಡತಳಿಗಳನ್ನು ಕಾಯ್ದುಕೊಂಡಿದ್ದಾರೆ. ಒಂದೇ ಹೊಲದಲ್ಲಿ ಹಲವು ಬಣ್ಣ, ಹಲವು ಆಕಾರದ ಗೆಡ್ಡೆಗಳನ್ನು ಬೆರೆಸಿ ನೆಡುವುದು ಅಲ್ಲಿನ ಪದ್ಧತಿ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಆ ಸಂಪತ್ತಿನ ಒಂದು ಚಿಕ್ಕ ಪಾಲು ಮಾತ್ರ ಯೂರೋಪಿಗೆ ಬಂದಿತು. ಹತ್ತೊಂಬತ್ತನೆಯ ಶತಮಾನದ ಐರ್ಲೆಂಡಿನ ಬಡ ರೈತರು ಬಹುಮಟ್ಟಿಗೆ ‘ಲಂಪರ್’ ಎಂಬ ಒಂದೇ ತಳಿಯನ್ನು ನಂಬಿದ್ದರು. ಆಲೂಗೆಡ್ಡೆಯನ್ನು ಗೆಡ್ಡೆಯಿಂದಲೇ ಬೆಳೆಸುವುದರಿಂದ ಒಂದು ತಳಿಯ ಗಿಡಗಳೆಲ್ಲ ಗುಣದಲ್ಲಿ ಒಂದೇ ಗಿಡದ ಪಡಿಯಚ್ಚುಗಳು. 1845ರಲ್ಲಿ ಅಂಗಮಾರಿ ರೋಗ ಬಂದಾಗ ಅದನ್ನು ತಡೆಯಬಲ್ಲ ಗಿಡ ಹೊಲದಲ್ಲಿ ಇರಲಿಲ್ಲ. 1852ರವರೆಗಿನ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟೇ ಅಥವಾ ಅದಕ್ಕೂ ಹೆಚ್ಚು ಜನ ದೇಶ ಬಿಟ್ಟರು. ರೋಗ ಬಂದ ವರ್ಷಗಳಲ್ಲಿಯೂ ಅಲ್ಲಿಂದ ಇಂಗ್ಲೆಂಡಿಗೆ ಧಾನ್ಯ ಸಾಗುತ್ತಿದ್ದುದನ್ನೂ ಮರೆಯುವಂತಿಲ್ಲ. ಕ್ಷಾಮಕ್ಕೆ ರೋಗದಷ್ಟೇ ಆಡಳಿತವೂ ಕಾರಣವಾಗಿತ್ತು.

ಅಂಗಮಾರಿಯನ್ನು ತರುವ ಜೀವಿಗೆ 1876ರಲ್ಲಿ ಜರ್ಮನಿಯ ವಿಜ್ಞಾನಿ ಆಂಟನ್ ಡಿ ಬಾರಿ ಫೈಟಾಫ್ತೊರಾ ಎಂದು ಹೆಸರಿಟ್ಟರು. ‘ಸಸ್ಯನಾಶಕ’ ಎಂದು ಅದರ ಅರ್ಥ. ಶಿಲೀಂಧ್ರದಂತೆ ಕಂಡರೂ ಅದು ನಿಜವಾದ ಶಿಲೀಂಧ್ರವಲ್ಲ; ನೀರನ್ನು ಆಶ್ರಯಿಸಿ ಈಜುವ ಬೀಜಕಗಳನ್ನು ಹರಡುವ ಜೀವಿ. ಮಲೆನಾಡಿನವರಿಗೆ ಈ ಕುಲ ಹೊಸದಲ್ಲ. ಅಡಕೆಯ ಕೊಳೆರೋಗ, ಕಾಳುಮೆಣಸಿನ ಸೊರಗುರೋಗ ಎರಡೂ ಅದೇ ಕುಲದ ಬೇರೆ ಬೇರೆ ಪ್ರಭೇದಗಳ ಕೆಲಸ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಕೊಳೆರೋಗವನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣದ ಬಳಕೆಯನ್ನು ಇಲ್ಲಿ ರೂಢಿಗೆ ತಂದರು. ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಹುಟ್ಟಿದ ಆ ಮೈಲುತುತ್ತ ಸುಣ್ಣದ ದ್ರಾವಣವೇ ಯೂರೋಪಿನ ಆಲೂಗೆಡ್ಡೆ ಹೊಲಗಳನ್ನೂ ಕಾಯ್ದಿತು. ಮಳೆಗಾಲದಲ್ಲಿ ಕೊನೆಗಳಿಗೆ ಔಷಧ ಹೊಡೆಯುವ ಮಲೆನಾಡಿನ ರೈತನೂ ಐರ್ಲೆಂಡಿನ ಆಲೂಗೆಡ್ಡೆ ರೈತನೂ ಒಂದೇ ಕುಲದ ಶತ್ರುವನ್ನು ಎದುರಿಸಿದವರು.

ಹಾಸನದ ರೈತರೂ ಈ ಶತ್ರುವನ್ನು ಬಲ್ಲರು. ಅಲ್ಲಿ ಆಲೂಗೆಡ್ಡೆ ಮುಂಗಾರಿನ ಮಳೆಯಾಶ್ರಿತ ಬೆಳೆ. ಮೋಡ ಕವಿದು ಜಡಿಮಳೆ ಹಿಡಿದರೆ ಅಂಗಮಾರಿ ಕೆಲವೇ ದಿನಗಳಲ್ಲಿ ಹೊಲವನ್ನು ಸುಟ್ಟಂತೆ ಮಾಡುತ್ತದೆ. ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರದಿಂದ ಬರಬೇಕು. ಬೆಲೆಯೂ ಗುಣವೂ ರೈತನ ಕೈಯಲ್ಲಿಲ್ಲ. ರೋಗ ಮತ್ತು ನಷ್ಟದ ಪೆಟ್ಟಿನಿಂದ ಕಳೆದ ಎರಡು ದಶಕಗಳಲ್ಲಿ ಆ ಜಿಲ್ಲೆಯ ಆಲೂಗೆಡ್ಡೆ ಕ್ಷೇತ್ರ ಬಹಳವಾಗಿ ಕುಗ್ಗಿದೆ; ಅನೇಕರು ಮುಸುಕಿನ ಜೋಳಕ್ಕೆ ತಿರುಗಿದ್ದಾರೆ. ಅಂಗಾಂಶ ಕೃಷಿಯ ತಾಯಿಗಿಡಗಳಿಂದ ಕುಡಿ ಚಿವುಟಿ ಬೇರು ಬರಿಸಿದ ಸಸಿಗಳಿಂದ ಸ್ಥಳೀಯವಾಗಿಯೇ ಬಿತ್ತನೆ ತಯಾರಿಸುವ ಪ್ರಯತ್ನ ಇತ್ತೀಚೆಗೆ ಅಲ್ಲಿ ನಡೆದಿರುವುದು ಆಶಾದಾಯಕ.

ಮಲೆನಾಡಿನ ಸ್ವಂತ ಗೆಡ್ಡೆಗಳು

ಅತಿಮಳೆಯ ಮಲೆನಾಡಿಗೆ ಆಲೂಗೆಡ್ಡೆ ಹೊರಗಿನಿಂದ ಬರುವ ತರಕಾರಿ. ಉತ್ತರ ಕನ್ನಡದಲ್ಲಿ ಬಟಾಟೆ ಎಂಬ ಪೋರ್ಚುಗೀಸ್ ಮೂಲದ ಹೆಸರೇ ಇಂದಿಗೂ ಬಳಕೆಯಲ್ಲಿದೆ. ಆದರೆ ಈ ಮಣ್ಣಿನ ಸ್ವಂತ ಗೆಡ್ಡೆಗಳು ಕಡಿಮೆಯೇನಿಲ್ಲ. ಕೆಸು, ಸುವರ್ಣಗೆಡ್ಡೆ, ತೂಣಗೆಣಸು, ಕೂವೆ, ಸಾಂಬ್ರಾಣಿ ಗೆಡ್ಡೆ ಇವುಗಳಲ್ಲಿ ಒಂದೊಂದರಲ್ಲಿಯೂ ಊರಿನಿಂದ ಊರಿಗೆ ಬೇರೆಯಾಗುವ ಬಗೆಗಳಿವೆ. ಜೋಯಿಡಾದ ಕುಣಬಿ ಸಮುದಾಯದವರು ಇಂಥ ಗೆಡ್ಡೆಗಳನ್ನು ತಲೆಮಾರುಗಳಿಂದ ಕಾಯ್ದುಕೊಂಡು ಬಂದಿದ್ದಾರೆ. ಅಲ್ಲಿ ನಡೆಯುವ ಗೆಡ್ಡೆಗೆಣಸು ಮೇಳವನ್ನು ನೋಡಿದವರಿಗೆ ಆ ಸಂಪತ್ತಿನ ಅರಿವಾಗುತ್ತದೆ.

ಬೆಚ್ಚನೆಯ ಸಲಾಡ್‌ನ ತತ್ವವನ್ನು ಈ ಗೆಡ್ಡೆಗಳಿಗೂ ಅನ್ವಯಿಸಬಹುದು, ಆದರೆ ಪ್ರತಿಯೊಂದರ ಸ್ವಭಾವ ಅರಿತು. ಸಾಂಬ್ರಾಣಿ ಗೆಡ್ಡೆ ಸಣ್ಣದು, ಸುವಾಸನೆಯುಳ್ಳದ್ದು, ಬೆಂದರೂ ಗಟ್ಟಿಯಾಗಿ ಉಳಿಯುವಂಥದ್ದು. ಗೋಣಿಯಲ್ಲಿ ಹಾಕಿ ಉಜ್ಜಿ ಸಿಪ್ಪೆ ತೆಗೆದು, ಬೇಯಿಸಿ, ಬಿಸಿಯಲ್ಲಿಯೇ ಹುಳಿಕಟ್ಟು ಸುರಿದರೆ ಅದು ಆಲೂಗೆಡ್ಡೆಗೆ ಸರಿಸಾಟಿ. ಕೆಸುವಿನ ರೀತಿ ಬೇರೆ. ಅದರ ತುರಿಕೆಗೆ ಕಾರಣ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು. ಆದುದರಿಂದ ಆಲೂಗೆಡ್ಡೆಗೆ ಬೇಯುವಾಗ ಹುಳಿ ಸಲ್ಲದಿದ್ದರೂ ಕೆಸುವಿಗೆ ಚೆನ್ನಾಗಿ ಬೇಯಿಸುವುದರ ಜೊತೆಗೆ ಹುಳಿಯನ್ನೂ ಹಾಕುವುದು ಮಲೆನಾಡಿನ ಪದ್ಧತಿ. ಯಾವ ಕೆಸು ತುರಿಸುತ್ತದೆ, ಯಾವುದು ಬೇಗ ಬೇಯುತ್ತದೆ, ಯಾವುದು ಹುಳಿಗೆ, ಯಾವುದು ಹುರಿಯುವುದಕ್ಕೆ ಎಂಬುದು ಮನೆಯ ಅಜ್ಜಿಯರಿಗೆ ಗೊತ್ತು. ಆ ತಿಳಿವಳಿಕೆಯನ್ನು ಯಾವ ಬೀಜ ಭಂಡಾರವೂ ಕಾಪಿಡಲಾರದು. ಹೊಸ ತಲೆಮಾರು ಪೇಟೆಯ ಒಂದೇ ಬಗೆಯ ಆಲೂಗೆಡ್ಡೆಗೆ ಒಗ್ಗಿಕೊಂಡಂತೆ ಹಿತ್ತಿಲಿನ ಗೆಡ್ಡೆಗಳು ಒಂದೊಂದಾಗಿ ಹೆಸರು ಕಳೆದುಕೊಳ್ಳುತ್ತಿವೆ.

ಮಾಡಬಹುದಾದ ಕೆಲಸ

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕು. ಇಂಥ ದಾಖಲೆಯಲ್ಲಿ ಗೆಡ್ಡೆಯ ಹೆಸರೊಂದನ್ನೇ ಬರೆದು ಬಿಡುವ ಬದಲು ಅದನ್ನು ಬೆಳೆಯುವ ಮನೆ, ನೆಡುವ ಕೀಳುವ ಕಾಲ, ಬೇಯುವ ಹೊತ್ತು, ತುರಿಕೆಯ ಪ್ರಮಾಣ, ಒಗ್ಗುವ ಹುಳಿ, ಒಪ್ಪುವ ಅಡುಗೆ ಇಷ್ಟನ್ನೂ ಬರೆಯಬೇಕು. ಈ ವಿವರ ಸಂಗ್ರಹಿಸುವುದಕ್ಕೆ ವಿದ್ಯಾರ್ಥಿಗಳೇ ತಕ್ಕವರು. ಅವರು ಕೇಳಬೇಕಾದದ್ದು ತಮ್ಮ ಮನೆಯ ಹಿರಿಯರನ್ನು.

ಎರಡನೆಯದಾಗಿ, ಮೊದಲ ಮಳೆಗೆ ಮುಂಚೆ ಊರಿನಲ್ಲಿ ಬಿತ್ತನೆ ಗೆಡ್ಡೆಗಳ ವಿನಿಮಯ ನಡೆಯಬೇಕು. ಒಂದು ಬಗೆ ಒಂದೇ ಹಿತ್ತಿಲಿನಲ್ಲಿದ್ದರೆ ಒಂದು ರಾತ್ರಿ ಹಂದಿ ನುಗ್ಗಿದರೆ ಮುಗಿಯಿತು. ಕನಿಷ್ಠ ಮೂರು ಮನೆಗಳಲ್ಲಿ ಇರುವಂತೆ ನೋಡಿಕೊಂಡರೆ ಅದು ಭದ್ರ. ಕೊಡುವಾಗ ಗೆಡ್ಡೆಯ ಜೊತೆಗೆ ಅದರ ಹೆಸರನ್ನೂ ಅಡುಗೆಯ ಕ್ರಮವನ್ನೂ ಹೇಳಿ ಕೊಡಬೇಕು.

ಮೂರನೆಯದು ಪೇಟೆಯಲ್ಲಿ ಮಾಡುವ ಕೆಲಸ. ಆಲೂಗೆಡ್ಡೆ ಕೊಳ್ಳುವಾಗ ತಳಿ ಯಾವುದೆಂದು ಕೇಳಬೇಕು. ಮೊದಲ ದಿನ ಅಂಗಡಿಯವರಿಗೆ ಉತ್ತರ ತಿಳಿದಿರುವುದಿಲ್ಲ. ಹತ್ತು ಮಂದಿ ಕೇಳಿದ ಮೇಲೆ ಅವರು ಮಂಡಿಯಲ್ಲಿ ವಿಚಾರಿಸುತ್ತಾರೆ, ಮಂಡಿಯವರು ರೈತನನ್ನು ವಿಚಾರಿಸುತ್ತಾರೆ. ಅಲ್ಲಿಯವರೆಗೆ ಉಪ್ಪುನೀರಿನ ಪರೀಕ್ಷೆ ಕೈಯಲ್ಲಿಯೇ ಇದೆ.

ಸಭೆಯಲ್ಲಿರುವ ತಾಯಂದಿರು ಆಗಸ್ಟ್ ಸೆಪ್ಟೆಂಬರಿನಲ್ಲಿ ಹಾಸನದ ಹೊಸ ಗೆಡ್ಡೆ ಬಂದಾಗ ಒಮ್ಮೆ, ಡಿಸೆಂಬರ್ ಜನವರಿಯಲ್ಲಿ ಸಾಂಬ್ರಾಣಿ ಕಿತ್ತಾಗ ಇನ್ನೊಮ್ಮೆ ಈ ಬೆಚ್ಚನೆಯ ಸಲಾಡ್ ಮಾಡಿ ನೋಡಲಿ. ಎರಡರ ಹದವನ್ನೂ ಮಕ್ಕಳ ಕೈಯಲ್ಲಿ ಬರೆಯಿಸಿ ಇಡಲಿ. ಪಂಚಾಯಿತಿಯ ದಾಖಲೆಗೆ ಸೇರಬೇಕಾದ ಮೊದಲ ಪುಟ ಅದೇ ಆಗಬಹುದು.